ಅಮಾಲಿಯಾಳ ಸೂಜಿಯೂ ನಮ್ಮ ಬೆಟ್ಟದ ಗೆಡ್ಡೆಯೂ

ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಆಗಲೇ ಆಕಳಿಸುತ್ತಿರುವ ದೋನ್ ಫಿದೆಲ್ ಅವರೇ, ಪಟ್ಟಣದಿಂದ ಬಂದ ದೊಡ್ಡ ಡಾಕ್ಟರೇ, ಇವತ್ತು ನಮ್ಮೂರ ಆಸ್ಪತ್ರೆ ಬಿಟ್ಟು ಹೊರಟಿರುವ ನರ್ಸ್ ಅಮಾಲಿಯಾ, ಮುಂದೆ ಕೂತ ಹೆಂಗಸರೇ, ಬಾಗಿಲಲ್ಲಿ ನಿಂತ ಗಂಡಸರೇ, ಎಲ್ಲ ಸಭಿಕರೇ. ನಾನು ಓದಿದ್ದು ಎರಡನೇ ತರಗತಿ, ಅದೂ ಮಳೆ ಇಲ್ಲದ ದಿನ ಮಾತ್ರ. ಮಾತು ತಪ್ಪಿದರೆ ನಗಿ, ಬಾಯಿ ಮುಚ್ಚಿಕೊಂಡು ನಗಿ.

ನಾನು ಹೇಳಲು ಬಂದದ್ದು ಮುಟ್ಟಿನ ವಿಷಯ. ನೋಡಿ, ಗಂಡಸರು ಆಗಲೇ ಟೋಪಿ ಹುಡುಕುತ್ತಿದ್ದಾರೆ! ನಿಲ್ಲಿ ಅಲ್ಲೇ. ನೀವೆಲ್ಲ ಏನು ಪಪ್ಪಾಯಿ ಮರದಿಂದ ಉದುರಿದವರೇ?

ನನ್ನ ಮೊಮ್ಮಗನ ಹೆಂಡತಿ ನೆರೈದಾ ನಿಮಗೆಲ್ಲ ಗೊತ್ತು. ಮೂರನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ, ದೋಣಿಯಲ್ಲಿ ಹೊಳೆ ದಾಟಿಸಿ ಉಳಿಸಿಕೊಂಡೆವು. ಇನ್ನೊಂದು ಬಸಿರು ಜೀವಕ್ಕೇ ಅಪಾಯ ಅಂದರು. ಅದಕ್ಕೇ ಅಮಾಲಿಯಾ ಅವಳಿಗೆ ಮೂರು ತಿಂಗಳಿಗೊಮ್ಮೆ ಬಸಿರು ತಡೆಯುವ ಸೂಜಿ ಹಾಕತೊಡಗಿದಳು.

ಮೊದಮೊದಲು ಏನಾಯಿತು? ಇವತ್ತೊಂದು ಹನಿ, ನಾಳೆ ಎರಡು ಹನಿ. ಮುಟ್ಟಾದವಳು ತಮಾಲೆಗೆ ಜೋಳದ ಹಿಟ್ಟು ಕಲಸಿದರೆ ಆ ಕಡುಬು ಬೇಯುವುದಿಲ್ಲ ಅನ್ನುವುದು ನಮ್ಮೂರ ನಂಬಿಕೆಯಲ್ಲವೇ? ಪಾಪ, ನೆರೈದಾ ಅಡುಗೆಮನೆಯ ಬಾಗಿಲಾಚೆ ಕೂತು ಕಡುಬು ಸುತ್ತುವ ಬಾಳೆಎಲೆ ಒರೆಸಿದ್ದೇ ಒರೆಸಿದ್ದು. ಆಮೇಲೆ? ಒಂದು ಹನಿಯೂ ಇಲ್ಲ. ಅವಳ ಅತ್ತೆ ಬರ್ನಾರ್ದಾ, ಅಂದರೆ ನಾನೇ ಹೆತ್ತ ಮಗಳು, ಅಗೋ ಅಲ್ಲಿ ಮುಖ ತಿರುಗಿಸಿ ಕೂತಿದ್ದಾಳಲ್ಲ, ಸೊಸೆ ಬಸಿರಿ ಅಂತ ಊರೆಲ್ಲ ಸಾರಿದಳು. ಪರೀಕ್ಷೆ ಮಾಡಿದರೆ ಬಸಿರಿಲ್ಲ. ಆಗ ಹೊಸ ರಾಗ ಶುರು.

"ಅಮ್ಮಾ, ರಕ್ತ ಒಳಗೇ ಕಟ್ಕೊಂಡಿದೆ. ತಲೆಗೇರಿ ಹುಚ್ಚು ಹಿಡಿಯುತ್ತೆ ಅವಳಿಗೆ. ಆ ಸೂಜಿ ಬಿಡಿಸು!"

"ನಿಂಗ್ಯಾವ ಸೂಜಿ ಚುಚ್ಚಿದ್ರಮ್ಮಾ, ತಲೆಗೇರೋಕೆ?" ಅಂದೆ.

ನಾನೇನೋ ನಕ್ಕೆ. ನೆರೈದಾ ನಗಲಿಲ್ಲ. "ಅಜ್ಜೀ, ಮುಂದಿನ ಸೂಜಿ ಬೇಡ ಅಂದ್ಬಿಡ್ತೀನಿ" ಅಂದಳು. ಸೂಜಿ ಬಿಟ್ಟರೆ ಬಸಿರು, ಬಸಿರಾದರೆ ಮತ್ತೆ ಆ ಹೊಳೆ. ಪ್ರತಿ ಸಲವೂ ದೋಣಿ ಸಿಗುತ್ತದೆಯೇ? ನನ್ನ ತಂಗಿಗೆ ಸಿಗಲಿಲ್ಲ. ಇರಲಿ, ಆ ಮಾತು ಈಗ ಬೇಡ.

ಸತ್ತವರ ಹಬ್ಬಕ್ಕೆ ದೊಡ್ಡ ಹಂಡೆ ಇಟ್ಟ ದಿನ ಅಮಾಲಿಯಾ ಅಡುಗೆಮನೆಗೇ ಬಂದಳು. ನಾನು ಹಂಡೆಯ ತಳಕ್ಕೆ ಎಲೆ ಹಾಸುತ್ತಿದ್ದೆ.

"ಗರ್ಭಕೋಶನೂ ಹೀಗೇ ಅಜ್ಜಿ" ಅಂದಳು. "ಕೂಸು ಬಂದೀತು ಅಂತ ತಿಂಗಳು ತಿಂಗಳೂ ಹಾಸಿಗೆ ಹಾಸುತ್ತೆ. ಬರ್ಲಿಲ್ಲ ಅಂದ್ರೆ ಹೊರಗೆ ಹಾಕುತ್ತೆ, ಅದೇ ಮುಟ್ಟು. ಈ ಸೂಜಿಯಿಂದ ಹಾಸಿಗೆ ತೆಳ್ಳಗಾಗುತ್ತೆ. ಮೊದಲು ಅಲ್ಲಲ್ಲಿ ಹರಿದು ಹನಿಯುತ್ತೆ, ಆಮೇಲೆ ಎಷ್ಟೋ ಜನಕ್ಕೆ ನಿಂತೇ ಹೋಗುತ್ತೆ. ಹಾಸದೇ ಇರೋ ಹಾಸಿಗೆನ ಹೊರಗೆ ಹಾಕೋದು ಹೇಗೆ?"

"ಹಾಗಾದ್ರೆ ಒಳಗೇನೂ ಕಟ್ಟಿಲ್ವಾ?" ಅಂದಳು ಬರ್ನಾರ್ದಾ.

"ಏನೂ ಇಲ್ಲ ಅಕ್ಕಾ. ಸೂಜಿ ಬಿಟ್ರೆ ನಿಧಾನಕ್ಕೆ ವಾಪಸ್ ಬರುತ್ತೆ. ವಿಪರೀತ ರಕ್ತ ಹೋದ್ರೆ, ತಡೀಲಾರದ ನೋವು ಬಂದ್ರೆ ನನ್ನ ಹತ್ರ ಓಡಿ ಬನ್ನಿ."

ಬರ್ನಾರ್ದಾ ಒಪ್ಪುವವಳೇ? "ನೆರೈದಾನೇ ಹಿಟ್ಟು ಕಲಸಲಿ. ಒಳಗೆ ಮುಟ್ಟಿನ ರಕ್ತ ಕಟ್ಟಿದ್ರೆ ಕಡುಬು ಹಸಿ ಉಳಿಯುತ್ತೆ, ಆಗ ಸೂಜಿ ಬಿಡ್ಬೇಕು. ಬೆಂದ್ರೆ ನಾನು ಬಾಯಿ ಮುಚ್ತೀನಿ."

"ಊರೆಲ್ಲ ಅದೇ ಹರಕೆ ಹೊತ್ತಿದೆ ಮಗಳೇ" ಅಂದೆ.

ನೆರೈದಾ ಕಲಸಿದಳು. ಒಲೆಗೆ ಎರಡು ಕೊರಡು ಹೆಚ್ಚಿಗೆ ತುರುಕಿದವರು ಯಾರು ಅಂತ ಮಾತ್ರ ಕೇಳಬೇಡಿ. ಹಂಡೆಯ ಮುಚ್ಚಳ ತೆಗೆದು ಕಡುಬು ಬಿಚ್ಚಿದರೆ ಎಲೆ ಹೇಗೆ ಬಿಟ್ಟುಬಂತು ಅಂತೀರಿ, ಹಿಟ್ಟಿನ ಒಂದು ಕಣ ಅಂಟಿರಲಿಲ್ಲ! ಬರ್ನಾರ್ದಾ ಬಾಯಿ ಮುಚ್ಚಿದಳು, ಕಡುಬು ಬಾಯಲ್ಲಿದ್ದಷ್ಟು ಹೊತ್ತು. ನೆರೈದಾ ಮುಂದಿನ ಸೂಜಿ ಹಾಕಿಸಿಕೊಂಡಳು.

ಅವತ್ತೇ ತಿನ್ನುತ್ತಾ ಅಮಾಲಿಯಾ ಇನ್ನೊಂದು ಮಾತು ಹೇಳಿದಳು. ಹಿಂದೆ ಬಸಿರು ತಡೆಯುವ ಮಾತ್ರೆಗಳ ಮದ್ದು ತೆಗೆದದ್ದು ನಮ್ಮ ಬೆಟ್ಟದ ಬಾರ್ಬಾಸ್ಕೊ ಗೆಡ್ಡೆಯಿಂದಂತೆ! ನನ್ನ ಕೈಯಲ್ಲಿದ್ದ ಕಡುಬು ಕೈಯಲ್ಲೇ ಉಳಿಯಿತು. ಆ ಗೆಡ್ಡೆ ಅಗೆದವಳು ನಾನು. ಇದೇ ಬರ್ನಾರ್ದಾ ಹೊಟ್ಟೆಯಲ್ಲಿದ್ದಾಗಲೂ ಅಗೆದೆ, ಹಸಿ ಬಾಣಂತಿಯಾಗಿಯೂ ಅಗೆದೆ. ಸೋಪು ಮಾಡುತ್ತಾರೆ ಅಂದಿದ್ದರು ಲಾರಿಯವರು. ಮೂಟೆ ಮೂಟೆ ಬೆಟ್ಟ ಇಳಿದು ಹೋಯಿತು, ಒಂದು ಮಾತ್ರೆಯೂ ಬೆಟ್ಟ ಹತ್ತಿ ಬರಲಿಲ್ಲ. ಹನ್ನೊಂದು ಹೆತ್ತೆ. ನನ್ನ ತಂಗಿಯೂ ನನ್ನ ಪಕ್ಕದಲ್ಲೇ ಅಗೆಯುತ್ತಿದ್ದಳು.

ಅಮಾಲಿಯಾ, ನಮ್ಮ ಗೆಡ್ಡೆಯ ಗುಣ ಕೊನೆಗೂ ನಿನ್ನ ಚೀಲದಲ್ಲಿ ಕೂತು ಬೆಟ್ಟ ಹತ್ತಿತು. ತಡವಾಯಿತು, ಆದರೂ ನೆರೈದಾಗೆ ಸಿಕ್ಕಿತು. ಹೋಗಿ ಬಾ ಮಗಳೇ.

ಹೊರಗೆ ಹಂಡೆ ಕುದಿಯುತ್ತಿದೆ. ಇವತ್ತು ಊರಿನ ಹೆಂಗಸರೆಲ್ಲ ಸೇರಿ ಹಿಟ್ಟು ಕಲಸಿದ್ದಾರೆ. ಯಾರಿಗೆ ಮುಟ್ಟು, ಯಾರಿಗಿಲ್ಲ ಅಂತ ನಾನು ಕೇಳಲಿಲ್ಲ. ತಿನ್ನುವವರೂ ಕೇಳಬೇಡಿ. ಇಷ್ಟು ಹೊತ್ತು ಓಡಿಹೋಗದೆ ನಿಂತ ಗಂಡಸರಿಗೂ ಸೇರಿಸಿ ಎಲ್ಲರಿಗೂ ವಂದನೆ, ನಮಸ್ಕಾರ.