ಎಣ್ಣೆಗಾಯಿ ಪಟದ ಹಬೆ

ಮಾನ್ಯ ಅಧ್ಯಕ್ಷರಾದ ಮರಿಬಸಪ್ಪನವರೇ, ನಾನು ತೆಗೆದ ಪಟಗಳ ಜೊತೆಗೆ ನನ್ನ ಮಾನವನ್ನೂ ತೊಳೆದುಕೊಡುವ ಕೌಲ್ ಬಜಾರಿನ ಸ್ಟುಡಿಯೋ ಮಾಲೀಕರಾದ ಶಾಬುದ್ದೀನ್ ಅವರೇ, ನಮ್ಮ ಹವ್ಯಾಸಿ ಛಾಯಾಗ್ರಾಹಕರ ಕೂಟದ ವಾರ್ಷಿಕೋತ್ಸವಕ್ಕೆಂದು ಕಂಟೋನ್ಮೆಂಟಿನ ತನಕ ಬಿಸಿಲಲ್ಲಿ ಸೈಕಲ್ ತುಳಿದು ಬಂದ ಸಭಿಕರೇ, ಹಾಗೂ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುವ ನನ್ನ ಧರ್ಮಪತ್ನಿ ಸುವರ್ಣಮ್ಮನವರೇ,

ಇವತ್ತಿನ ಊಟ ಅವಳ ಕೈಯದು. ಬೆಳಿಗ್ಗೆ ಮನೆ ಬಿಡುವಾಗಲೇ ಹೇಳಿದ್ದಾಳೆ: "ನಿಮ್ಮ ಭಾಷಣಕ್ಕ ನನ್ನ ಅಡಗಿ ಆರಿದ್ರ, ನಾಳೆ ಪಾತ್ರಿ ಮಾರಾವ ಬರ್ತಾನ. ಕ್ಯಾಮೆರಾ ಅವನ ಕೈಯಾಗ ಇಟ್ಟು ಸ್ಟೀಲ್ ಡಬ್ಬಿ ತಗೊಂತೀನಿ ನೋಡ್ರಿ." ಆದ್ದರಿಂದ ಚುಟುಕಾಗಿ ಮಾತನಾಡುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳುವವನು ಚುಟುಕಾಗಿ ಮಾತನಾಡಿದ ಉದಾಹರಣೆ ಇಲ್ಲ ಎಂಬುದು ಬೇರೆ ಮಾತು.

ನನ್ನ ಹಿಂದೆ ಗೋಡೆಯಲ್ಲಿ ತೂಗುತ್ತಿರುವ ಪಟವನ್ನು ನೋಡಿರಿ. ಈ ಎಪ್ಪತ್ತೆಂಟನೇ ಇಸವಿಯ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆದ ಪಟ. ತಟ್ಟೆಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಬದನೆಕಾಯಿಯ ಎಣ್ಣೆಗಾಯಿ, ಅದರ ಮೇಲೆ ಎದ್ದ ಹಬೆ. "ಈ ಹಬೆ ಕಂಡರೆ ಹಸಿವಾಗುತ್ತದೆ" ಎಂದು ತೀರ್ಪುಗಾರರು ಬರೆದರು. ಮನೆಯಲ್ಲೇ ಕುಳಿತು ಅಡುಗೆಯ ಅಂದದ ಪಟ ತೆಗೆಯುವುದು ಹೇಗೆ? ಅದನ್ನು ಹೇಳಲೆಂದೇ ಈ ಶಾಲು, ಈ ಹಾರ.

ಮೊದಲು ತಟ್ಟೆಯ ಆಯ್ಕೆ. ನನ್ನ ಹೆಂಡತಿಯ ತವರು ಸಿರುಗುಪ್ಪ. ತವರಿನ ಅಕ್ಕಿಯಲ್ಲಿ ಅವಳು ಮಲ್ಲಿಗೆಯಂಥ ಅನ್ನ ಮಾಡಿದಳು. ನಾನು ಬಿಳಿ ಪಿಂಗಾಣಿ ತಟ್ಟೆಯಲ್ಲಿಟ್ಟು ಪಟ ತೆಗೆದೆ. ಪಟದಲ್ಲಿ ಅನ್ನವೂ ಇಲ್ಲ, ತಟ್ಟೆಯೂ ಇಲ್ಲ. ಶಾಬುದ್ದೀನ್ ಅದನ್ನು ಬೆಳಕಿಗೆ ಹಿಡಿದು, "ಜಡೆಪ್ಪ ಮಾಸ್ತರ್ರ, ಉಪವಾಸದ ಪಟ ಭಾರಿ ಬಂದೈತ್ರಿ" ಎಂದರು. ಮುಂದಿನ ವಾರ ರೊಟ್ಟಿಯ ಪಟ ತೆಗೆದೆ. ಅದನ್ನು ಒಲೆಗೆ ಹಾಕುವ ಬೆರಣಿ ಎಂದುಕೊಂಡು, "ಕುಳ್ಳು ಎಷ್ಟಕ್ಕೊಂದು ಕೊಡ್ತೀರಿ?" ಎಂದು ಕೇಳಿದರು.

ಎರಡನೆಯದು ಬೆಳಕು. ಕುರುಗೋಡಿನ ನಮ್ಮ ಹಳೆಯ ಮನೆಯ ಮಾಳಿಗೆಯಲ್ಲಿ ಒಂದು ಗವಾಕ್ಷಿ ಇದೆ. ಅದರಿಂದ ಇಳಿಯುವ ಬಿಸಿಲುಕೋಲಿಗೆ ಸಮನಾದ ಬೆಳಕು ಯಾವ ಸ್ಟುಡಿಯೋದಲ್ಲಿದೆ? ಬಿಸಿಲು ಸರಿದಂತೆ ತಟ್ಟೆ ಸರಿಸಬೇಕು. ನೆರಳು ಬಿದ್ದ ಕಡೆ ಬಿಳಿ ಧೋತರ ಅಡ್ಡ ಹಿಡಿದರೆ ಬೆಳಕು ತಿರುಗಿ ತಟ್ಟೆಗೆ ಬೀಳುತ್ತದೆ. ಮದುವೆಯಲ್ಲಿ ಕೈ ಹಿಡಿದವಳೇ ಈ ಬಹುಮಾನದ ಪಟ ತೆಗೆದ ದಿನ ಧೋತರವನ್ನೂ ಹಿಡಿದಳು. ತಾಸುಗಟ್ಟಲೆ ಹಿಡಿದಳು. ತೀರ್ಪುಗಾರರು ಮುಂದೆ ಪಟ ಆರಿಸಿದರು. ನಾನು ಮಾತ್ರ ಆಗಲೇ ಊಟ ಆರಿಸಿದ್ದೆ. ಎಣ್ಣೆಗಾಯಿ ತಣ್ಣಗಾಗಿ, ಎಣ್ಣೆ ಒಂದು ಕಡೆ, ಕಾಯಿ ಒಂದು ಕಡೆ.

ಹಾಗಾದರೆ ಹಬೆ ಎಲ್ಲಿಂದ ಬಂತು? ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಅವ್ವ ಅಕ್ಕನಾಗಮ್ಮನಿಂದ ಬಂತು.

"ಉಣ್ಣೋ ತಾಟಿಗೆ ಒಂಟಿಗಣ್ಣಿನ ಡಬ್ಬಿ ಹಿಡದು ಕುಂತೀಯಲ್ಲೋ ಬಾಡ್ಯಾ, ಕಣ್ಣು ಬಿದ್ರ ಉಂಡವರ ಹೊಟ್ಟಿ ಏನಾಗಬೇಕು?" ಎಂದು ಬೈಯುತ್ತ ಅವ್ವ ಉಪ್ಪು, ಒಣಮೆಣಸಿನಕಾಯಿ ತಂದಳು. ತಟ್ಟೆಗೆ ನಿವಾಳಿಸಿ, ತಟ್ಟೆಯ ಹಿಂದೆಯೇ ಹೆಂಚಿನಲ್ಲಿದ್ದ ಕೆಂಡಕ್ಕೆ ಹಾಕಿದಳು. ಬಿಸಿಲುಕೋಲಿನಲ್ಲಿ ಹೊಗೆ ಬೆಳ್ಳಿಯ ದಾರದಂತೆ ಮೇಲೆದ್ದಿತು. ನಾನು ಗುಂಡಿ ಒತ್ತಿದೆ. ಅವ್ವ ದೃಷ್ಟಿ ತೆಗೆದಳು, ನಾನು ಪಟ ತೆಗೆದೆ, ಘಾಟು ಎಲ್ಲರ ಜೀವ ತೆಗೆಯಿತು. ತೀರ್ಪುಗಾರರೇ, ನಿಮಗೆ ಹಸಿವು ಹುಟ್ಟಿಸಿದ್ದು ಸುಟ್ಟ ಮೆಣಸಿನಕಾಯಿ.

ಕೆಮ್ಮಿ ಕೆಮ್ಮಿ ಸುಸ್ತಾದರೂ ಅವ್ವನಿಗೆ ಸಂತೋಷ. ನಮ್ಮ ಮನೆಯ ಲೆಕ್ಕದಲ್ಲಿ ಕಣ್ಣು ಬಿದ್ದಿದ್ದರೆ ಮೆಣಸಿನಕಾಯಿ ಘಾಟಿಲ್ಲದೆ ಸುಡುತ್ತದೆ. "ಇಷ್ಟು ಘಾಟು ಬಂತಂದ್ರ ಯಾರ ಕಣ್ಣೂ ಬಿದ್ದಿಲ್ಲ ಬಿಡವಾ" ಎಂದಳು.

ಸುವರ್ಣಮ್ಮ ಧೋತರ ಮಡಚಿಟ್ಟು ಹೇಳಿದಳು: "ಅದು ನನಗ ಮೊದಲ ಗೊತ್ತಿತ್ತು ಅತ್ತಿ. ನನ್ನ ಅಡಗೀನ ನೋಡಿದ್ದು ಕ್ಯಾಮೆರಾ. ಇವರು ಕ್ಯಾಮೆರಾ ನೋಡಿದ್ರು."

ಸಭಿಕರೇ, ಇದನ್ನು ಹೇಳಬೇಕೆಂದು ಬಂದವನಲ್ಲ. ನನ್ನ ಕೈಯ ಚೀಟಿಯಲ್ಲಿ ಮುಂದೆ ಇರುವುದು ಲೆನ್ಸಿನ ವಿಷಯ. ಆದರೆ ಈಗ ನನಗೇ ಒಂದು ಪ್ರಶ್ನೆ ಹುಟ್ಟಿದೆ. ಆ ದಿನ ಲೆನ್ಸು ಎಷ್ಟು ತೆರೆದಿತ್ತು ಎಂದು ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ. ಎಣ್ಣೆಗಾಯಿಗೆ ಶೇಂಗಾ ಅರೆದಿದ್ದಳೋ, ಎಳ್ಳು ಅರೆದಿದ್ದಳೋ? ಗೊತ್ತಿಲ್ಲ. ಉಪ್ಪು ಸರಿಯಿತ್ತೇ? ಗೊತ್ತಿಲ್ಲ. ಪಟ ತೊಳೆಸಲು ಬಳ್ಳಾರಿ ಬಸ್ಸು ಹತ್ತಿದವನು ಉಂಡೆನೋ ಇಲ್ಲವೋ, ಅದೂ ಗೊತ್ತಿಲ್ಲ. ಬಾಗಿಲ ಕಡೆ ನೋಡಬೇಡಿ. ಅವಳು ತಲೆ ಅಲ್ಲಾಡಿಸುತ್ತಿರುವುದು ನನಗೂ ಕಾಣುತ್ತಿದೆ. ಉಂಡಿರಲಿಲ್ಲವಂತೆ.

ಲೆನ್ಸಿನ ವಿಷಯ ಇರಲಿ. ಅಗೋ, ಅವಳ ಹಿಂದೆ ಏಳುತ್ತಿದೆ, ಅದು ನಿಜವಾದ ಹಬೆ. ನಮ್ಮ ಕೂಟದ ಸದಸ್ಯರಾದ ದುರುಗಪ್ಪನವರೇ, ನಿಮ್ಮ ಕೈ ಕ್ಯಾಮೆರಾ ಚೀಲಕ್ಕೆ ಹೋಗುತ್ತಿದೆ. ದಯವಿಟ್ಟು ಆ ಕೈಯನ್ನು ತೊಳೆದುಕೊಂಡು ಪಂಕ್ತಿಗೆ ಬನ್ನಿ. ಅವ್ವ ಸೆರಗಿನಲ್ಲಿ ಮೆಣಸಿನಕಾಯಿ ಕಟ್ಟಿಕೊಂಡೇ ಬಂದಿದ್ದಾಳೆ, ಊಟವಾದ ಮೇಲೆ ನಿವಾಳಿಸುತ್ತಾಳೆ. ಎಲ್ಲರೂ ಆ ಎಣ್ಣೆಗಾಯಿಯನ್ನು ಕಣ್ಣು ತುಂಬ ನೋಡಿ ಹೊಟ್ಟೆ ತುಂಬ ಉಣ್ಣಬೇಕು. ಎಲ್ಲರಿಗಿಂತ ಮೊದಲು ನಾನು ನೋಡುತ್ತೇನೆ. ಇವತ್ತು ಅವ್ವನ ಮೆಣಸಿನಕಾಯಿ ಸುಟ್ಟಾಗ ಈ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಕೂಡದು; ಕೆಮ್ಮಿದರೆ ನನ್ನ ಕಣ್ಣು ಇವತ್ತೂ ಅಡುಗೆಯ ಮೇಲೆ ಬಿದ್ದಿಲ್ಲವೆಂದೇ ಲೆಕ್ಕ. ಘಾಟು ತಡೆಯದವರು ಹೊರಗೆ ಓಡಿಹೋಗಿ ಕೆಮ್ಮಿ ಬನ್ನಿ. ನನ್ನ ಸಂಸಾರದ ಪ್ರಶ್ನೆ.

ಕೂಟಕ್ಕೆ ನಾನು ಋಣಿ. ಶಾಲಿಗೂ ಕೃತಜ್ಞ: ಬಿಸಿ ಪಾತ್ರೆ ಇಳಿಸಲು ಬಟ್ಟೆ ಬೇಕೆಂದು ಬಾಗಿಲಿನಿಂದ ಸನ್ನೆಯಾಗುತ್ತಿದೆ. ಈ ಕೈಮುಗಿತವನ್ನು ಬಿಸಿ ಇರುವಾಗಲೇ ಸ್ವೀಕರಿಸಿರಿ. ನಮಸ್ಕಾರ.