ಒಂದು ಗುಡಿಸು

ಲೈಟ್ ಬರೋ ತನಕ ಕೂತ್ಕೊಳ್ಳಿ, ಹೇಳ್ತೀನಿ. ಮಧ್ಯೆ ನಗೋ ಹಾಗಿಲ್ಲ. ಇದು ಎಲ್ಲೋ ಯಾರೋ ಹೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗಳಿಗೆ ಆಗಿದ್ದು. ಕೋಪ ಯಾವಾಗಲೂ ಮೂಗಿನ ತುದೀಲೇ ಇರುತ್ತೆ ಅಂತ ಮನೇಲಿ ಎಲ್ಲರೂ ಸಿಡುಕಿ ಅಂತ ಕರೀತೀವಲ್ಲ, ಅವಳಿಗೇ.

ಒಂದು ಗುರುವಾರ ರಾತ್ರಿ, ಒಂಬತ್ತಕ್ಕೆ ಹತ್ತು ನಿಮಿಷ ಇತ್ತು. ಸಿಡುಕಿ ಟೈಪಿಂಗ್ ಅಂಗಡಿ ಶಟರ್ ಎಳೆದು ಬೀಗ ಹಾಕಿ ಹೊರಟಳು. ಜೊತೆಗೆ ಕಂಪ್ಯೂಟರ್ ರಿಪೇರಿಯವನು ಇದ್ದ, ಅವನ ಮನೆಗೂ ಅದೇ ದಾರಿ. ಅಂಗಡಿ ಹಿಂದಿನ ಓಣೀಲಿ ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ತಗಡು ಮುಚ್ಚಿದಾರೆ. ಅದರ ಹತ್ರ ನಿಂತರೆ ಅಂಗಡಿಯ ಹಿಂದಿನ ಕಿಟಕಿ ಕಾಣುತ್ತೆ. ಬಾವಿ ದಾಟೋ ಹೊತ್ತಿಗೆ ಆ ಕಿಟಕಿ ಕಡೆಯಿಂದ ಅವಳಿಗೆ ಕೇಳಿಸ್ತು...

ಟಕ ಟಕ ಟಕ ಟಕ ಟಕ... ಒಂದೇ ಸಮ. ಕೀಬೋರ್ಡಲ್ಲಿ ಒಂದೇ ಕೀ ಒತ್ತಿ ಒತ್ತಿ ಪುಟದಲ್ಲಿ ಕೆಳಗಿಳೀತಾ ಇರೋ ಹಾಗೆ. ಆಮೇಲೆ ನಿಂತು ಹೋಯ್ತು. ಆಮೇಲೆ ಒಂದೇ ಒಂದು... ಟಕ್.

ಅದಾದ ಮೇಲೆ, ಟಣಕ್.

ಸಿಡುಕಿ ನಿಂತುಬಿಟ್ಟಳು. "ಅಣ್ಣ... ಕೇಳಿಸ್ತಾ?"

"ಬಾವಿ ತಗಡು ಇರ್ಬೇಕು. ಗಾಳಿ."

"ತಗಡಿಗೆ ಸ್ಪೇಸ್ ಬಾರ್ ಇರುತ್ತಾ ಅಣ್ಣ?"

ಗಾಳಿ ಇರಲೇ ಇಲ್ಲ.

ಆ ಟಣಕ್ ಕೇಳಿ ಅವಳು ಯಾಕೆ ನಿಂತುಬಿಟ್ಟಳು ಅಂತ ಗೊತ್ತಾಗಬೇಕಾದ್ರೆ ಮೊದಲಿಂದ ಹೇಳಬೇಕು. ಆ ಅಂಗಡಿ ನಮ್ಮ ಸೋದರತ್ತೇದು. ಮೂವತ್ತು ವರ್ಷ ಅದೇ ಒಂದು ರೂಮಲ್ಲಿ ಕೂತು ಊರಿನವರ ಅರ್ಜಿ, ಪತ್ರ, ಪುಸ್ತಕ ಎಲ್ಲ ಟೈಪ್ ಮಾಡಿದವಳು. ನಾವು ಟೈಪತ್ತೆ ಅಂತಿದ್ವಿ. ಅವಳ ಕಂಪ್ಯೂಟರ್ ನೋಡಿದ್ರೆ ನೀವು ನಗ್ತೀರ. ಮಾನಿಟರ್ ಒಂದು ಟ್ರಂಕಿನಷ್ಟು ದಪ್ಪ. ಕೀಬೋರ್ಡಿನ ಸ್ಪೇಸ್ ಬಾರ್ ಒಳಗೆ ಸ್ಪ್ರಿಂಗ್ ಮುರಿದು ಎಷ್ಟೋ ವರ್ಷ ಆಗಿತ್ತು, ಪ್ರತಿ ಪದ ಮುಗಿದಾಗಲೂ ಟಣಕ್ ಅನ್ನೋದು. ಬದಲಾಯಿಸು ಅಂದ್ರೆ, "ಅದು ಟಣಕ್ ಅಂದ್ರೇನೇ ನಂಗೆ ಪದ ಮುಗೀತು ಅನ್ನಿಸೋದು" ಅನ್ನೋಳು.

ಅತ್ತೇಗೆ ಒಂದು ಕೆಟ್ಟ ಚಾಳಿ ಇತ್ತು. ಜನ ಪ್ರೂಫ್ ಓದದೇ "ಸರಿಯಾಗಿದೆ" ಅಂತ ಸಹಿ ಹಾಕಿ ಹೋಗ್ತಾರೆ, ಅಚ್ಚಾದ ಮೇಲೆ ಬಂದು ಜಗಳ ಆಡ್ತಾರೆ ಅಂತ ಅವಳಿಗೆ ಹೊಟ್ಟೆ ಉರಿ. ಅದಕ್ಕೆ ಬೇಕಂತಲೇ ಒಂದು ತಪ್ಪು ಇಡೋಳು. ಕೊನೇ ಪುಟದಲ್ಲಿ, ಒಂದೇ ಒಂದು. ಅದೂ ಯಾವಾಗಲೂ ಗುಡಿಸೇ. ಅಕ್ಷರದ ತಲೆ ಮೇಲೆ ಹಾಕ್ತೀವಲ್ಲ, ಲ-ನ ಲಿ ಮಾಡೋ ಗುಡಿಸು. ಎಲ್ಲೋ ಒಂದು ಕಡೆ ಬೇಡದ ಗುಡಿಸು ಏರಿಸಿಬಿಡೋಳು. ಅದನ್ನ ಹುಡುಕಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ತಂದ್ರೆ ಮಾತ್ರ ನೀವು ಪೂರ್ತಿ ಓದಿದೀರ ಅಂತ ಲೆಕ್ಕ. "ಗುಡಿಸು ನಾನು ಹಾಕಿದೀನಿ, ಗುಡಿಸೋ ಕೆಲಸ ನಿಮ್ದು" ಅಂತ ನಗೋಳು. ಎಷ್ಟು ಜನ ಬೈದಿದಾರೋ ಏನೋ.

ಅವಳು ಕೊನೆಗೆ ಹಿಡಿದ ಕೆಲಸ ನರ್ಸಮ್ಮನ ಪುಸ್ತಕ. ನರ್ಸಮ್ಮ ನಲವತ್ತು ವರ್ಷ ಹೆರಿಗೆ ವಾರ್ಡಲ್ಲಿ ಕೆಲಸ ಮಾಡಿ ನಿವೃತ್ತಿ ಆದವರು. ದಿನಾ ಸಂಜೆ ಬಂದು ಸ್ಟೂಲ್ ಮೇಲೆ ಕೂತು ಹೇಳೋರು, ಅತ್ತೆ ಟೈಪ್ ಮಾಡೋಳು. ಪುಸ್ತಕ ಇನ್ನೂರು ಪುಟ ದಾಟೋ ಹೊತ್ತಿಗೆ ನರ್ಸಮ್ಮನ ಕಣ್ಣು ಮಂಜಾಗೋಕೆ ಶುರುವಾಯ್ತು. ಡಾಕ್ಟರು ಔಷಧಿ ಇಲ್ಲ ಅಂದುಬಿಟ್ರು. ಅತ್ತೆ ಅವರ ಕೈ ಹಿಡಿದು, "ನಿಮ್ಮ ಪುಸ್ತಕಾನ ನಿಮ್ಮ ಕಣ್ಣಲ್ಲೇ ಓದಿಸ್ತೀನಿ, ಕೊನೇ ಪುಟದ ಗುಡಿಸು ನೀವೇ ಹುಡುಕಬೇಕು" ಅಂದಿದ್ದಳಂತೆ.

ಅಂದವಳು ಹೋಗಿಬಿಟ್ಟಳು. ಒಂದು ಬೆಳಿಗ್ಗೆ ಎದ್ದೇಳಲೇ ಇಲ್ಲ, ಅಷ್ಟೇ.

ಅಂಗಡಿ ಸಿಡುಕಿ ಪಾಲಿಗೆ ಬಂತು. ಮೂರು ತಿಂಗಳಾದ ಮೇಲೆ ನರ್ಸಮ್ಮ ಕೋಲು ಊರಿಕೊಂಡು ಬಂದ್ರು. "ಪುಟ್ಟಿ, ಈ ತಿಂಗಳು ದಾಟಿದ್ರೆ ದೊಡ್ಡಕ್ಷರನೂ ಕಾಣಲ್ಲ ಅಂದಿದಾರೆ. ಕೊನೇ ಪುಟ ಒಂದು ಬಾಕಿ ಇದೆ, ಬರ್ಕೋ" ಅಂದ್ರು. ಸಿಡುಕಿ ಅದನ್ನ ತನ್ನ ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿಕೊಂಡಳು. ಉಳಿದ ಇನ್ನೂರ ಹನ್ನೆರಡು ಪುಟ ಅತ್ತೆಯ ಕಂಪ್ಯೂಟರಲ್ಲಿತ್ತು. ಪ್ರೆಸ್ಸಿನವರು ಇರೋದು ಬೇರೆ ಊರಲ್ಲಿ. ಶುಕ್ರವಾರ ಬೆಳಿಗ್ಗೆ ಫೈಲ್ ಸಿಕ್ಕಿದ್ರೆ ಇದೇ ತಿಂಗಳು ಪುಸ್ತಕ, ಇಲ್ಲದಿದ್ರೆ ಇನ್ನೆರಡು ತಿಂಗಳು ಅಂದ್ರು. ಎರಡು ತಿಂಗಳಾದ ಮೇಲೆ ನರ್ಸಮ್ಮನಿಗೆ ಪುಸ್ತಕ ಕೊಟ್ಟು ಏನು ಮಾಡೋದು, ಸವರಿ ನೋಡಿ ಅನ್ನೋದಾ?

ಸೋಮವಾರ ಸಿಡುಕಿ ಕೂತಳು. ಪೆನ್‌ಡ್ರೈವ್ ಹಾಕಿದ್ರೆ ಅದು ಗುರುತೇ ಹಿಡೀಲಿಲ್ಲ. ಸಿ.ಡಿ. ಹಾಕೋ ತಟ್ಟೆ ಹೊರಗೇ ಬರ್ಲಿಲ್ಲ. ರಿಪೇರಿಯವನನ್ನ ಕರೆಸಿದಳು. ಏನು ಕೇಳಿದ್ರೂ ಮೊದಲು "ರೀಸ್ಟಾರ್ಟ್ ಮಾಡಿ" ಅಂತಾನೆ ಅಂತ ಅವನಿಗೆ ರೀಸ್ಟಾರ್ಟಣ್ಣ ಅಂತಲೇ ಹೆಸರು. ಅವನು ಬಂದ, ರೀಸ್ಟಾರ್ಟ್ ಮಾಡಿದ, ಗಡ್ಡ ಕೆರೆದುಕೊಂಡ. "ತಂಗಿ, ಇಂಟರ್ನೆಟ್ ವೈರ್ ಒಂದು ಬದುಕಿದೆ. ಫೈಲ್‌ನ ಕ್ಲೌಡಿಗೆ ಹಾಕಿಬಿಡಿ. ಅಲ್ಲಿಂದ ನಿಮ್ಮ ಲ್ಯಾಪ್‌ಟಾಪಿಗೂ ಸಿಗುತ್ತೆ, ಪ್ರೆಸ್ಸಿಗೂ ಸಿಗುತ್ತೆ."

ಹೇಳೋದು ಸುಲಭ. ಕ್ಲೌಡಿನ ಪೇಜ್ ತೆಗೆದ್ರೆ, ನಿಮ್ಮ ಬ್ರೌಸರ್ ಹಳೇದು ಅಂತು. ಹೊಸ ಬ್ರೌಸರ್ ಹಾಕೋಕೆ ಹೋದ್ರೆ, ನಿಮ್ಮ ಕಂಪ್ಯೂಟರ್ ಹಳೇದು ಅಂತು. ರೀಸ್ಟಾರ್ಟಣ್ಣ ಎಲ್ಲಿಂದಲೋ ಒಂದು ಚಿಕ್ಕ ಬ್ರೌಸರ್ ತಂದು ಹಾಕಿದ. ಈಗ, ಈ ಜಾಗ ಸುರಕ್ಷಿತ ಅಲ್ಲ ಅಂತು. ಯಾಕಪ್ಪಾ ಅಂತ ನೋಡಿದ್ರೆ, ಒಳಗಿರೋ ಬಟನ್ ಬ್ಯಾಟರಿ ಸತ್ತು, ಆಫ್ ಮಾಡಿದಾಗಲೆಲ್ಲ ಕಂಪ್ಯೂಟರಿನ ತಾರೀಕು ಇಪ್ಪತ್ತು ವರ್ಷ ಹಿಂದಿನ ಜನವರಿ ಒಂದಕ್ಕೆ ಹೋಗಿ ಕೂರ್ತಿತ್ತು. ಇವತ್ತಿನ ತಾರೀಕು ಇಲ್ಲದಿದ್ರೆ ಕ್ಲೌಡು ಬಾಗಿಲು ತೆಗೆಯಲ್ಲ. ದಿನಾ ಬೆಳಿಗ್ಗೆ ತಾರೀಕು ತಿದ್ದಬೇಕು. ಆ ಬ್ಯಾಟರಿ ಬದಲಾಯಿಸೋಣ ಅಂದ್ರೆ ಡಬ್ಬದ ಸ್ಕ್ರೂ ತುಕ್ಕು ಹಿಡಿದು ತಿರುಗಲ್ಲ.

ಮಂಗಳವಾರ ತೊಂಬತ್ತೊಂಬತ್ತು ಪರ್ಸೆಂಟ್ ತನಕ ಏರಿತು. ಅಲ್ಲೇ ನಿಂತಿತು. ಸಿಡುಕಿ ಒಂದು ಗಂಟೆ ಉಸಿರು ಬಿಗಿ ಹಿಡಿದು ನೋಡಿದಳು. ತೊಂಬತ್ತೊಂಬತ್ತು. ರದ್ದು ಮಾಡಿ ಮತ್ತೆ ಹಾಕಿದಳು. ಸೊನ್ನೆಯಿಂದ. ಸಂಜೆ ಹೊತ್ತಿಗೆ ಮತ್ತೆ ತೊಂಬತ್ತೊಂಬತ್ತು. ಬುಧವಾರವೂ ಅದೇ ಹಣೇಬರಹ. ನನಗೆ ಫೋನ್ ಮಾಡಿ ಅತ್ತಳು ಕಣ್ರೀ. ಸಿಡುಕಿ ಬೈಯೋದು ಕೇಳಿದೀನಿ, ಅಳೋದು ಕೇಳಿರಲಿಲ್ಲ. "ಆ ಒಂದು ಪರ್ಸೆಂಟು ನನ್ನ ಪ್ರಾಣ ತಿಂತಾ ಇದೆ ಅಕ್ಕ. ನರ್ಸಮ್ಮ ದಿನಾ ಬಂದು ಆಯ್ತಾ ಅಂತಾರೆ. ಏನು ಹೇಳ್ಲಿ?" ಅಂದಳು. ಅವತ್ತು ಅಂಗಡಿ ಮುಚ್ಚುವಾಗ ಆ ಕತ್ತಲೆ ಮಾನಿಟರಿಗೆ ಕೈ ಮುಗಿದು, "ಅತ್ತೆ, ಮಾತು ಕೊಟ್ಟವಳು ನೀನು. ನೀನೇ ಬಂದು ಮಾಡ್ಕೋ" ಅಂತ ಗೊಣಗಿದಳಂತೆ. ಸಿಟ್ಟಲ್ಲಿ ಬಂದ ಮಾತು. ಹಾಗೆಲ್ಲ ಕರೀಬಾರದಿತ್ತು.

ಗುರುವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದ್ರೆ... ತಾರೀಕು ಸರಿಯಾಗಿತ್ತು. ಗಂಟೆ, ನಿಮಿಷ ಸಮೇತ.

ರೀಸ್ಟಾರ್ಟಣ್ಣಂಗೆ ಫೋನ್ ಮಾಡಿದಳು. "ರಾತ್ರಿ ಬಂದು ತಾರೀಕು ತಿದ್ದಿದ್ರಾ ಅಣ್ಣ?"

"ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ ತಂಗಿ."

ಅವತ್ತು ಫೈಲ್ ಎಲ್ಲೂ ನಿಲ್ಲಲಿಲ್ಲ. ಹತ್ತೂವರೆಗೆ ನೂರು ಮುಟ್ಟಿತು. ಸಿಡುಕಿ ಖುಷಿಗೆ ಪ್ರೆಸ್ಸಿನವರಿಗೆ ಲಿಂಕ್ ಕಳಿಸಿದಳು. ಹನ್ನೊಂದಕ್ಕೆ ಅವರ ಫೋನ್.

"ಏನಮ್ಮಾ, ಅನುಮತಿ ಬೇಕು ಅಂತಿದೆ."

ಅನುಮತಿ ಕೊಟ್ಟಳು. ಹತ್ತು ನಿಮಿಷಕ್ಕೆ ಮತ್ತೆ ಫೋನ್.

"ಏನಮ್ಮಾ, ಇದು ಯಾವ ಭಾಷೆ?"

ಅತ್ತೆ ಬಳಸಿದ್ದು ಹಳೇ ಕಾಲದ ಕನ್ನಡ ಫಾಂಟ್. ಅದು ಆ ಕಂಪ್ಯೂಟರಲ್ಲಿ ಮಾತ್ರ ಕನ್ನಡ. ಬೇರೆ ಕಡೆ ತೆಗೆದ್ರೆ, ತಲೆಗೆ ಟೋಪಿ, ಕೆಳಗೆ ಬಾಲ ಇರೋ ಇಂಗ್ಲಿಷ್ ಅಕ್ಷರಗಳ ರಾಶಿ. ಸರಿ, ಅದನ್ನ ಹೊಸ ಅಕ್ಷರಕ್ಕೆ ಬದಲಾಯಿಸೋ ಸಾಫ್ಟ್‌ವೇರ್ ಹುಡುಕಿ ಲ್ಯಾಪ್‌ಟಾಪಲ್ಲಿ ಹಾಕಿದಳು. ಕನ್ನಡ ಬಂತು, ಆದ್ರೆ ಅರ್ಕಾವತ್ತುಗಳೆಲ್ಲ ಜಾಗ ಬಿಟ್ಟು ಎದ್ದಿದ್ವು. 'ಗರ್ಭಿಣಿ' ಹೋಗಿ 'ಗಭಿರ್ಣಿ' ಆಗಿತ್ತು. ಹೆರಿಗೆ ವಾರ್ಡಿನ ಪುಸ್ತಕದಲ್ಲಿ ಎಷ್ಟು ಗರ್ಭಿಣಿಯರು ಇರ್ತಾರೆ, ನೀವೇ ಯೋಚನೆ ಮಾಡಿ. ಊಟ ಬಿಟ್ಟು ಒಂದೊಂದೇ ತಿದ್ದುತ್ತಾ ಕೂತಳು. ಕೊನೆಗೆ ತಾನು ಟೈಪ್ ಮಾಡಿದ್ದ ಆ ಕೊನೇ ಪುಟ ಸೇರಿಸಿ, ಅದನ್ನ ಮೂರು ಸಲ ಓದಿದಳು. ಅದರ ಕೊನೇ ಸಾಲು ನರ್ಸಮ್ಮ ಹೇಳಿ ಬರೆಸಿದ್ದು ಹೀಗಿತ್ತು: 'ಇದನ್ನು ಟೈಪ್ ಮಾಡಿದವರು ಈಗಿಲ್ಲ.'

ತಪ್ಪು ಒಂದೂ ಇರಲಿಲ್ಲ. ಅತ್ತೆ ತಪ್ಪು ಇಡ್ತಾ ಇದ್ದಿದ್ದು ಕೊನೇ ಪುಟದಲ್ಲಿ ಮಾತ್ರ. ಕೊನೇ ಪುಟ ಅತ್ತೆ ಟೈಪ್ ಮಾಡಿದ್ದೇ ಅಲ್ಲ. ಅದು ಆ ಹಳೇ ಕಂಪ್ಯೂಟರಿನ ಒಳಗೆ ಯಾವತ್ತೂ ಹೋಗಿರಲೂ ಇಲ್ಲ.

ಎಂಟೂವರೆಗೆ ಪೂರ್ತಿ ಪುಸ್ತಕ ಕ್ಲೌಡಿಗೆ ಹಾಕಿ, ಪ್ರೆಸ್ಸಿಗೆ ಹೊಸ ಲಿಂಕ್ ಕಳಿಸಿದಳು. "ಬೆಳಿಗ್ಗೆ ಬಂದ ತಕ್ಷಣ ತಗೋತೀವಿ" ಅಂದ್ರು. ಅಷ್ಟೊತ್ತಿಗೆ ಅವಳಿಗೆ ಆ ಹಳೇ ಡಬ್ಬದ ಮೇಲೆ ಎಷ್ಟು ರೋಸಿ ಹೋಗಿತ್ತು ಅಂದ್ರೆ, ಕಂಪ್ಯೂಟರಿನ ವೈರು, ಮಾನಿಟರಿನ ವೈರು ಎರಡನ್ನೂ ಗೋಡೆಯಿಂದ ಕಿತ್ತು, ಸುತ್ತಿ, ದಾರದಲ್ಲಿ ಬಿಗಿಯಾಗಿ ಕಟ್ಟಿ ಮಾನಿಟರ್ ಮೇಲೆ ಕುಕ್ಕಿದಳು. ರೀಸ್ಟಾರ್ಟಣ್ಣ ಅಲ್ಲೇ ಇದ್ದ. "ಇನ್ನು ರೀಸ್ಟಾರ್ಟ್ ಕೂಡ ಆಗಲ್ಲ ಬಿಡಿ" ಅಂದ. ಬೀಗ ಹಾಕಿ ಹೊರಟ್ರು.

ಆಮೇಲೆ ಆ ಬಾವಿ. ಆ ಟಕ ಟಕ. ಆ ಟಣಕ್.

ಇಬ್ಬರೂ ವಾಪಸ್ ಹೋದ್ರು. ಶಟರ್ ಮೊಣಕಾಲಿನ ತನಕ ಎತ್ತಿ, ಬಗ್ಗಿ, ಮೊಬೈಲ್ ಬೆಳಕು ಬಿಟ್ಟು ನೋಡಿದ್ರು. ಯಾರೂ ಇಲ್ಲ. ಕಟ್ಟಿದ ವೈರು ಕಟ್ಟಿದ ಹಾಗೇ ಮಾನಿಟರ್ ಮೇಲಿತ್ತು. ಆದ್ರೆ ಹಳೇ ಮಾನಿಟರುಗಳು ಆಗ ತಾನೇ ಆಫ್ ಮಾಡಿದಾಗ ಗಾಜಿನ ಮೇಲೆ ಒಂದು ಸದ್ದು ಮಾಡ್ತವಲ್ಲ, ಚಿಟ... ಚಿಟ ಚಿಟ... ಅಂತ. ಅದು ಕೇಳಿಸ್ತಾ ಇತ್ತು. ಸಿಡುಕಿ ಒಳಗೆ ಹೋಗಿ ಗಾಜಿಗೆ ಅಂಗೈ ಇಟ್ಟಳು.

"ಬೆಚ್ಚಗಿದೆ" ಅಂದಳು.

"ನಡೀರಿ ತಂಗಿ" ಅಂದ ಅವನು, ಪಿಸುಮಾತಲ್ಲಿ. ಅವತ್ತಿಂದ ಅವನು ಆ ಓಣೀಲಿ ಓಡಾಡಲ್ಲ, ಸುತ್ತು ಹಾಕಿ ದೊಡ್ಡ ರಸ್ತೇಲಿ ಹೋಗ್ತಾನೆ.

ಪುಸ್ತಕ ತಿಂಗಳು ಮುಗಿಯೋಕೆ ಎಂಟು ದಿನ ಇರುವಾಗ ಬಂತು. ದೊಡ್ಡಕ್ಷರ. ನರ್ಸಮ್ಮ ಕಿಟಕಿ ಪಕ್ಕ ಕೂತು, ಭೂತಗನ್ನಡಿ ಹಿಡಿದು, ಒಂದೊಂದೇ ಸಾಲು ಓದಿದ್ರು. ಏಳು ದಿನ. ಏಳನೇ ದಿನ ಸಂಜೆ ಸಿಡುಕೀನ ಕರೆಸಿಕೊಂಡು ಪುಸ್ತಕ ಕೈಗೆ ಕೊಟ್ರು. ಕೊನೇ ಪುಟ ತೆಗೆದೇ ಇಟ್ಟಿದ್ರು. ಕೊನೇ ಸಾಲಿಗೆ ಕೆಂಪು ಪೆನ್ನಲ್ಲಿ ಒಂದು ಸೊಟ್ಟ ಸುತ್ತು.

'ಇದನ್ನು ಟೈಪ್ ಮಾಡಿದವರು ಈಗಿಲ್ಲಿ.'

ಸಿಡುಕಿ ಪುಸ್ತಕಾನ ಕಣ್ಣ ಹತ್ರ ಹಿಡಿದು ನೋಡಿದಳು. "ನಾನು... ಮೂರು ಸಲ ಓದಿದ್ದೆ ಅಮ್ಮ. ನಾಳೇನೇ ತಿದ್ದುಪಡಿ ಚೀಟಿ ಮಾಡಿಸಿ ಅಂಟಿಸ್ತೀನಿ" ಅಂದಳು.

"ತಪ್ಪು ಅಂತ ಸುತ್ತು ಹಾಕಿದ್ದಲ್ಲ, ನಾನು ಪೂರ್ತಿ ಓದಿದೆ ಅಂತ ನಿಮ್ಮತ್ತೆಗೆ ಗೊತ್ತಾಗ್ಲಿ ಅಂತ" ಅಂದ್ರು ನರ್ಸಮ್ಮ. "ತಿದ್ದಬೇಡ."

ಸಿಡುಕಿ ಅಂಗಡಿಗೆ ಬಂದು ಲ್ಯಾಪ್‌ಟಾಪ್ ತೆಗೆದು ನೋಡಿದಳು. ಅದರಲ್ಲಿದ್ದ ಪ್ರತೀಲಿ 'ಈಗಿಲ್ಲ' ಅಂತಲೇ ಇತ್ತು. ಕ್ಲೌಡಲ್ಲಿದ್ದ ಪ್ರತೀಲಿ 'ಈಗಿಲ್ಲಿ'. ಯಾವಾಗ ಬದಲಾಗಿದೆ ಅಂತ ಅದರ ಪಕ್ಕದಲ್ಲೇ ಬರೆದಿತ್ತು: ಗುರುವಾರ, ರಾತ್ರಿ ಎಂಟು ಐವತ್ತೆರಡು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆ ಪುಸ್ತಕದ ಒಂದು ಪ್ರತಿ ನಮ್ಮನೇಲೇ ಇದೆ, ಲೈಟ್ ಬಂದ ಮೇಲೆ ತೋರಿಸ್ತೀನಿ. ಹೋದ ವಾರ ನಾನೇ ಅಂಗಡಿಗೆ ಹೋಗಿದ್ದೆ. ಮಾನಿಟರ್ ಮೇಲೆ ಆ ಎರಡು ವೈರು ಇನ್ನೂ ಹಾಗೇ ಇದೆ. ದಾರದ ಗಂಟು ಸಿಡುಕಿ ಹಾಕಿದ್ದೇ, ಬಿಚ್ಚಿಲ್ಲ. ಆ ಮೇಜನ್ನ ಅವತ್ತಿಂದ ಯಾರೂ ಮುಟ್ಟಿಲ್ಲ, ಮೂರು ತಿಂಗಳ ಧೂಳು ಕೂತಿದೆ, ಕೀಬೋರ್ಡಿನ ಮೇಲೂ. ಸ್ಪೇಸ್ ಬಾರ್ ಮೇಲೆ ಮಾತ್ರ ಇಲ್ಲ.