ಒಂದೇ ಪ್ರತಿಯ ಹಾಡು

ಮಧ್ಯಾಹ್ನ ಶುರುವಾದ ಮಳೆ ಸಂಜೆಯಾದರೂ ನಿಂತಿರಲಿಲ್ಲ. ಹಳೆಯ ರೆಕಾರ್ಡುಗಳ ಅಂಗಡಿಯಲ್ಲಿ ನಾವು ಮೂವರು ಗಿರಾಕಿಗಳು ಸಿಕ್ಕಿಬಿದ್ದಿದ್ದೆವು. ಮೂವರಿಗೂ ಒಂದೇ ಹುಚ್ಚು: ಯಾರೋ ಕೇಳಿ ಬಿಟ್ಟ ಅಮೆರಿಕದ ಕಂಟ್ರಿ ಹಾಡು, ಜನಪದ ಹಾಡುಗಳ ವಿನೈಲ್ ತಟ್ಟೆ ಹುಡುಕುವುದು. ರಟ್ಟಿನ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಿದ್ದಾಗ ನನಗೆ ರೆಕಾರ್ಡು ಇಟ್ಟಿದ್ದ, ಹೆಸರಿಲ್ಲದ ಕಂದು ಲಕೋಟೆಯೊಂದು ಸಿಕ್ಕಿತು. ಅದರ ಬೆನ್ನಿನ ತುಂಬ ಪೆನ್ಸಿಲಿನ ಗೀಟುಗಳು. ಅಂಗಡಿಯ ಮುದುಕ, ನಾವೆಲ್ಲ ಸೂಜಿ ತಾತ ಎಂದು ಕರೆಯುವವನು, ಅದನ್ನು ನನ್ನ ಕೈಯಿಂದ ಕಿತ್ತುಕೊಂಡ. ಆಮೇಲೆ ಏನನ್ನಿಸಿತೋ, ಮೂರು ಸ್ಟೂಲು ಎಳೆದು ನಮ್ಮನ್ನು ಕೂರಿಸಿ ಮಾತು ಶುರು ಮಾಡಿದ.

"ಇದು ನಮ್ಮಣ್ಣಂದು. ನಿಮ್ಮ ಹುಚ್ಚೇನು ಮಹಾ, ಅವನ ಮುಂದೆ ನೀವೆಲ್ಲ ಯಾವ ಲೆಕ್ಕ! ಯಾರೋ ಮನೆ ಖಾಲಿ ಮಾಡ್ತಿದಾರೆ ಅಂತ ಕಿವಿಗೆ ಬಿದ್ದಿದ್ದೇ ತಡ, ಮದುವೆಯಾದ ಮಾರನೇ ದಿನ ಅತ್ತಿಗೆಯನ್ನ ಬಿಟ್ಟು ರೆಕಾರ್ಡ್ ತರೋಕೆ ಓಡಿದ ಭೂಪ ಅವನು. ಹಾಗೇ ಒಂದು ಸಲ, ಯಾರೋ ಸತ್ತವರ ಮನೆಯಿಂದ ತಂದ ರಾಶೀಲಿ ಇದು ಬಂತು… ಇದು ಕಾರ್ಖಾನೇಲಿ ಒತ್ತಿದ್ದಲ್ಲ. ಹಾಡ್ತಾ ಇರೋವಾಗಲೇ ಕೊರೆದ ತಟ್ಟೆ, ಜಗತ್ತಿಗೆಲ್ಲ ಒಂದೇ ಪ್ರತಿ. ಮೇಲಿನ ಲೇಪ ಮೆತ್ತಗೆ, ಸೂಜಿ ಓಡಿದಾಗಲೆಲ್ಲ ದನಿ ಒಂಚೂರು ಸವೆಯುತ್ತೆ. ಅದಕ್ಕೇ ಬುದ್ಧಿ ಇರೋನು ಮೊದಲನೇ ಸಲವೇ ಟೇಪಿಗೆ ಇಳಿಸ್ಕೋತಾನೆ. ಅಣ್ಣನಿಗೆ ಗೊತ್ತಿರಲಿಲ್ವಾ? ನನಗೆ ಕಲಿಸಿದವನೇ ಅವನು! ಆದ್ರೆ, 'ಒಂದೇ ಒಂದು ಇರೋದನ್ನ ನನ್ನ ಕೈಯಾರೆ ಎರಡು ಮಾಡ್ಲೇನೋ?' ಅಂದ. ಹಾಕಿದಾಗಲೆಲ್ಲ ಲಕೋಟೆ ಮೇಲೆ ಒಂದೊಂದು ಗೀಟು ಎಳೆದ.

ಒಬ್ಬ ಹೆಂಗಸಿನ ಹಾಡು. ಮಗು ಮಲಗಿಸುವಾಗ ಹಾಡೋ ಥರದ್ದು, ವಾದ್ಯ ಗೀದ್ಯ ಏನೂ ಇಲ್ಲ. ಮೂವತ್ತು ಗೀಟು ದಾಟೋ ಹೊತ್ತಿಗೆ ಅವಳ ದನಿ ತಟ್ಟೇಲಿ ತೆಳ್ಳಗಾಯ್ತು… ಅಡುಗೆಮನೇಲಿ ಕೇಳೋಕೆ ಶುರುವಾಯ್ತು. ಅತ್ತಿಗೆ ಪಾತ್ರೆ ತೊಳೀತಿದ್ರೆ ಬೆನ್ನ ಹಿಂದೇನೇ ಗುನುಗು. ತಿರುಗಿದ್ರೆ ಯಾರೂ ಇಲ್ಲ. 'ರೀ, ಅದೊಂದನ್ನ ಹಾಕಬೇಡಿ' ಅಂತ ಕೈ ಮುಗಿದ್ರು. ಕೇಳಿದ್ನಾ?

ಒಂದು ಸಂಜೆ, ಹೀಗೇ ಮಳೆ. ಅತ್ತಿಗೆ ನೋಡ್ತಾರೆ, ಅಣ್ಣನ ಕೋಣೆಯಿಂದ ಗುರುತಿಲ್ಲದ ಹೆಂಗಸೊಬ್ಬಳು ಹೊರಗೆ ಬಂದ್ಳು. 'ಯಾರಮ್ಮ ನೀನು?' ಅಂದ್ರೆ, 'ಬಹಳ ದಿನ ಆಗಿತ್ತಮ್ಮ, ಕಾಲು ಜೋಮು ಹಿಡಿದಿದೆ' ಅಂತ ಗೋಡೆ ಹಿಡ್ಕೊಂಡು ಬೀದಿಗೆ ಇಳಿದು ಹೋದ್ಳು. ಕೋಣೇಲಿ ಅಣ್ಣ ಇಲ್ಲ. ಕನ್ನಡಕ ನೆಲದ ಮೇಲೆ. ತಟ್ಟೆ ಮಾತ್ರ ತಿರುಗ್ತಾನೇ ಇದೆ… ನಾನು ಓಡಿ ಬಂದು ಸೂಜೀನ ಮೊದಲಿಗೆ ಇಟ್ಟೆ. ಅದೇ ಹಾಡು. ಹಾಡ್ತಿದ್ದವನು ನಮ್ಮಣ್ಣ! ಎರಡನೇ ಸಾಲಲ್ಲಿ ಅವನ ಶ್ರುತಿ ಯಾವಾಗಲೂ ಜಾರ್ತಿತ್ತು. ಅಲ್ಲೇ ಜಾರಿತು.

ತಟ್ಟೆಯಿಂದ ಅವಳು ಬಂದ ದಾರೀಲೇ ಅಣ್ಣನೂ ಬರಬೇಕಲ್ವಾ? ವಾರಕ್ಕೊಂದು ಸಲ ಹಾಕಿದೆ. ಅವನ ದನೀನೂ ತೆಳ್ಳಗಾಯ್ತು, ಹಜಾರದಲ್ಲಿ ಅವನ ಕೆಮ್ಮು ಕೇಳೋಕೆ ಶುರುವಾಯ್ತು. ಆದ್ರೆ ಕೊನೇ ಸಲ ಕೇಳ್ತಾ ಕೂತವರು ಒಳಗೆ ಹೋಗ್ಬೇಕು, ಅಣ್ಣ ಹೋದ ಹಾಗೆ. ನನ್ನ ಒಡಹುಟ್ಟಿದವನು ಕಣ್ರಪ್ಪ… ಆದ್ರೂ ಹೆದರಿಬಿಟ್ಟೆ. ಅತ್ತಿಗೆ ಮುಖ ನೋಡೋಕೆ ಇವತ್ತಿಗೂ ನಾಚಿಕೆಯಾಗುತ್ತೆ. ಇವತ್ತು ನಾಳೆ ಅಂತ ಮುಂದೂಡಿದೆ, ಮುಂದೂಡಿದೆ… ಅಷ್ಟರಲ್ಲಿ ನನ್ನ ಕಿವಿಯೇ ಹೋಯ್ತು. ಈಗ ನಿಮ್ಮ ತುಟಿ ನೋಡಿ ಮಾತಾಡೋದು ನಾನು. ಕಿವಿ ಕೇಳದವನನ್ನ ಅದು ತಗೊಳ್ಳಲ್ಲ."

ತಾತ ತಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಪ್ಲೇಯರಿನ ಮೇಲಿಟ್ಟ. ಬಾಗಿಲು ಮೂರೇ ಹೆಜ್ಜೆ ದೂರದಲ್ಲಿತ್ತು. ನಾವು ಯಾರೂ ಏಳಲಿಲ್ಲ. ನಿಜ ಹೇಳಬೇಕೆಂದರೆ, ಜಗತ್ತಿಗೆಲ್ಲ ಒಂದೇ ಇರುವ ಆ ಹಾಡನ್ನು ಒಮ್ಮೆ ಕೇಳುವ ಆಸೆ ಮೂವರಿಗೂ ಇತ್ತು.

"ಅಣ್ಣನ ದನಿ ಇನ್ನೂ ಇದ್ರೆ ಕೈ ಎತ್ತಿ" ಎಂದ ತಾತ, ಸೂಜಿ ಇಳಿಸುತ್ತಾ. "ಇಲ್ಲದಿದ್ರೆ… ಹೆದರ್ಕೋಬೇಡಿ, ಒಳಗೆ ಹೋಗೋದು ಮೂವರಲ್ಲಿ ಒಬ್ಬರು ತಾನೆ. ಅತ್ತಿಗೆ ಬೆಳಿಗ್ಗೇನೇ ಅಣ್ಣನ ಅಂಗಿ ಇಸ್ತ್ರಿ ಮಾಡಿ ಇಟ್ಟಿದಾರೆ."